ಬರುವಾಗ ಏನು ತಂದೆ?

ಫಿಲಿಪೀನ್ಸಿನಲ್ಲಿ ಯಾರಾದರೂ ನಾಲ್ಕು ದಿನ ಊರು ಬಿಟ್ಟು ಹೋಗಿ ಬಂದರೆ ಉಳಿದವರು ಕೇಳುವ ಮೊದಲ ಮಾತು, 'ನನ್ನ ಪಸಲೂಬೊಂಗ್ ಎಲ್ಲಿ?' ಅರ್ಧ ತಮಾಷೆ, ಅರ್ಧ ಹಕ್ಕು. ಟಗಾಲೋಗ್ ಭಾಷೆಯಲ್ಲಿ 'ಸಲೂಬೊಂಗ್' ಎಂದರೆ ಎದುರುಗೊಳ್ಳುವುದು. ಊರಿಗೆ ಮರಳುವವರು ತಮ್ಮನ್ನು ಎದುರುಗೊಳ್ಳುವವರಿಗಾಗಿ ತರುವುದು ಪಸಲೂಬೊಂಗ್. ಉಡುಗೊರೆ ಎಂದು ಅನುವಾದಿಸಿದರೆ ಸರಿಹೋಗುವುದಿಲ್ಲ. ಉಡುಗೊರೆಗೆ ಮದುವೆಯೋ ಹುಟ್ಟುಹಬ್ಬವೋ ಬೇಕು. ಇದಕ್ಕೆ ಒಬ್ಬರು ಹೋಗಿರಬೇಕು, ಇನ್ನೊಬ್ಬರು ಉಳಿದಿರಬೇಕು, ಅಷ್ಟೇ.

ನಾನು ಸಂಶೋಧನೆಗಾಗಿ ಬಂದಿರುವುದು ಲಾಸ್ ಬಾನ್ಯೋಸ್ ಎಂಬ ಊರಿಗೆ. ಮನಿಲಾದಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್. ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರುವುದು ಇಲ್ಲೇ. 1966ರಲ್ಲಿ ಇಲ್ಲಿಂದ ಹೊರಬಂದ ಐಆರ್ 8 ತಳಿಯನ್ನು ಮಂಡ್ಯದ ಕಡೆ ನಮ್ಮ ತಾತ ಬೆಳೆದಿದ್ದರಂತೆ. ಆ ಲೆಕ್ಕದಲ್ಲಿ ಈ ಊರು ನಮ್ಮ ಮನೆಗೆ ನನಗಿಂತ ಮುಂಚೆಯೇ ಪರಿಚಯ. ಆದರೆ ಬಸ್ಸಿನಲ್ಲಿ ಹೋಗುವ ಫಿಲಿಪಿನೋ ಪ್ರಯಾಣಿಕರಿಗೆ ಲಾಸ್ ಬಾನ್ಯೋಸ್ ಎಂದರೆ ಭತ್ತ ನೆನಪಾಗುವುದಿಲ್ಲ, ಬುಕೊ ಪೈ ನೆನಪಾಗುತ್ತದೆ.

ಬುಕೊ ಎಂದರೆ ಎಳನೀರಿನ ಕಾಯಿ. ಅದರ ಗಂಜಿಯನ್ನು ತುಂಬಿ ಒಲೆಯಲ್ಲಿ ಬೇಯಿಸಿದ ಅಗಲವಾದ ಪೈ. ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ಬಿಸಿಬಿಸಿಯಾಗಿ ರಟ್ಟಿನ ಪೆಟ್ಟಿಗೆಗೆ ಹಾಕಿ ದಾರ ಕಟ್ಟಿ ಕೊಡುತ್ತಾರೆ. ಇದರ ಹುಟ್ಟಿನ ಬಗ್ಗೆ ಇಲ್ಲಿ ಒಂದು ಕಥೆಯಿದೆ. ಅಮೆರಿಕದಲ್ಲಿ ಮನೆಗೆಲಸಕ್ಕಿದ್ದು ಮರಳಿದ ಹೆಣ್ಣುಮಗಳೊಬ್ಬಳು ಅಲ್ಲಿ ಕಲಿತ ಆಪಲ್ ಪೈ ಮಾಡಲು ಹೊರಟಳಂತೆ. ಸೇಬು ಎಲ್ಲಿಂದ ತರುವುದು? ತೆಂಗು ಬೇಕಾದಷ್ಟಿತ್ತು. ಈಗ ಆ ಪೈ ಈ ಊರಿನ ಗುರುತು.

ಇಲ್ಲಿ ಒಂದೊಂದು ಊರಿಗೂ ಇಂಥ ಒಂದು ತಿನಿಸಿದೆ. ಕಬ್ಬಿನ ನಾಡಾದ ನೆಗ್ರೋಸ್ ದ್ವೀಪದಿಂದ ಬಂದವರು ಪಿಯಾಯ ತರುತ್ತಾರೆ. ಒಳಗೆ ಕಚ್ಚಾ ಸಕ್ಕರೆಯ ಹೂರಣವಿಟ್ಟು ಲಟ್ಟಿಸಿ ಹೆಂಚಿನಲ್ಲಿ ಬೇಯಿಸಿದ್ದು, ಒಬ್ಬಟ್ಟಿನ ದೂರದ ನೆಂಟ. ಸೆಬು ಎಂದರೆ ಒಣಗಿಸಿದ ಮಾವಿನ ಹಣ್ಣು. ಬೊಹೋಲಿನ ಕಲಾಮಯ್ ಎಂಬ ಅಂಟಂಟಾದ ಹಲ್ವ ಬರುವುದು ತೆಂಗಿನ ಚಿಪ್ಪಿನೊಳಗೆ, ಎರಡು ಚಿಪ್ಪುಗಳ ಸಂದಿಗೆ ಕೆಂಪು ಕಾಗದ ಅಂಟಿಸಿ. ಬುಲಕಾನ್ ಪ್ರಾಂತ್ಯದ ಸ್ಯಾನ್ ಮಿಗೆಲ್‌ನಲ್ಲಿ ಎಮ್ಮೆ ಹಾಲಿನ ಪಸ್ತಿಯಾಸ್ ಸಿಗುತ್ತದೆ. ಅದನ್ನು ಸುತ್ತುವ ತೆಳು ಕಾಗದವನ್ನು ಹೂಬಳ್ಳಿಯಂತೆ ಕತ್ತರಿಸುವುದೇ ಅಲ್ಲಿ ಒಂದು ಕಲೆ. ಧಾರವಾಡದ ಫೇಡೆ, ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಕಟ್ಟಿಸಿಕೊಂಡು ಬರುವ ನಮಗೆ ಇದೆಲ್ಲ ಹೊಸದೇನಲ್ಲ. ಹೊಸದು ಅನ್ನಿಸಿದ್ದು ಅದಕ್ಕೊಂದು ಹೆಸರಿರುವುದು.

ಹೆಸರಿದ್ದರೆ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ನಮ್ಮ ಪ್ರಯೋಗಾಲಯದ ಸಹಾಯಕಿಯಿಂದ. ಅವರನ್ನು ನಾನು 'ಆತೆ' ಎನ್ನುತ್ತೇನೆ, ಹಾಗೆಂದರೆ ಅಕ್ಕ. (ಫೋನಿನಲ್ಲಿ ಈ ಪದ ಕೇಳಿದ ನಮ್ಮಮ್ಮ, 'ಯಾವ ಅತ್ತೆಯೇ ನಿಂಗೆ ಅಲ್ಲಿ?' ಎಂದು ಗಾಬರಿಯಾಗಿದ್ದರು.) ಆತೆಯ ತಾಯಿ 14 ವರ್ಷ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ. ನಡುವೆ ಹಡಗಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ. ಅದನ್ನು ಬಲಿಕ್‌ಬಯನ್ ಪೆಟ್ಟಿಗೆ ಎನ್ನುತ್ತಾರೆ. ಬಲಿಕ್ ಎಂದರೆ ಮರಳು, ಬಯನ್ ಎಂದರೆ ನಾಡು. ಹೊರದೇಶಗಳಲ್ಲಿರುವ ತನ್ನ ಜನರನ್ನು ರಜೆಗೆ ಕರೆಸಿಕೊಳ್ಳಲು 1973ರಲ್ಲಿ ಸರ್ಕಾರ ಶುರುಮಾಡಿದ ಕಾರ್ಯಕ್ರಮಕ್ಕೆ ಇಟ್ಟ ಹೆಸರದು. ಜನ ಮರಳುವುದು ಅಪರೂಪವಾಗಿ, ಪೆಟ್ಟಿಗೆ ಮಾತ್ರ ತಪ್ಪದೆ ಬರತೊಡಗಿತು.

ಪೆಟ್ಟಿಗೆಯಲ್ಲಿ ಸೋಪು, ಚಾಕೊಲೇಟು, ಟವೆಲು, ಶೂ. 'ಶೂ ಯಾವಾಗಲೂ ಚಿಕ್ಕದಾಗಿರುತ್ತಿತ್ತು' ಎಂದರು ಆತೆ. 'ಅಮ್ಮ ಕೊನೆಯ ಸಲ ನೋಡಿದ್ದ ಕಾಲಿಗೆ ಕೊಂಡದ್ದು.' ಆಮೇಲೆ ಇವರು ಕಾಗದದ ಮೇಲೆ ಪಾದವಿಟ್ಟು ಗೆರೆ ಎಳೆದು ಪತ್ರದೊಳಗೆ ಕಳಿಸಿದರು. ಪತ್ರ ತಲುಪಿ, ದುಡ್ಡು ಕೂಡಿ, ಪೆಟ್ಟಿಗೆ ತುಂಬಿ, ಹಡಗು ಬರುವಷ್ಟರಲ್ಲಿ ಕಾಲು ಇನ್ನಷ್ಟು ಬೆಳೆದಿತ್ತು. ಆ ಶೂಗಳನ್ನು ಯಾರಿಗೂ ಕೊಡಲಿಲ್ಲವಂತೆ. ಮಂಚದ ಕೆಳಗೆ ಸಾಲಾಗಿ ಇಟ್ಟಿದ್ದರಂತೆ.

ತಾಯಿ ಮತ್ತೆ ಹೊರಡುವಾಗ ಮಕ್ಕಳು ಉರಾರೊ ಬಿಸ್ಕತ್ತು, ಒಣಮೀನು ಕಟ್ಟಿ ಕೊಡುತ್ತಿದ್ದರು. ಅದಕ್ಕೂ ಹೆಸರಿದೆ: ಪಬಾವೊನ್. ಬಾವೊನ್ ಎಂದರೆ ನಮ್ಮ ಬುತ್ತಿ. ಹೋಗುವವರಿಗೆ ಪಬಾವೊನ್, ಬಂದವರಿಂದ ಪಸಲೂಬೊಂಗ್. ಕನ್ನಡದಲ್ಲಿ ಹೋಗುವವರಿಗೆ ಕಟ್ಟಿಕೊಡುವ ಬುತ್ತಿಗೆ ಹೆಸರಿದೆ. ಬರುವವರು ತರುವುದಕ್ಕೆ ಇರುವುದು 'ಬರುವಾಗ ಏನು ತಂದೆ?' ಎಂಬ ಪ್ರಶ್ನೆ ಮಾತ್ರ. ಸಂತೆಯಿಂದ ಬಂದ ಅಪ್ಪನ ಚೀಲಕ್ಕೆ ಕೈಹಾಕುತ್ತಿದ್ದಾಗ ನಾವೂ ಅದನ್ನೇ ಕೇಳುತ್ತಿದ್ದೆವು.

ಕಳೆದ ರಜೆಗೆ ಊರಿಗೆ ಹೊರಟಾಗ ಏನು ಒಯ್ಯುವುದೆಂಬುದೇ ದೊಡ್ಡ ತಲೆನೋವು. ಬುಕೊ ಪೈ ಎರಡು ವಿಮಾನ, ಒಂದು ಬಸ್ಸು ದಾಟುವಷ್ಟು ಗಟ್ಟಿಯಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಅಜ್ಜಿ ಮೊಟ್ಟೆ ಮುಟ್ಟುವುದಿಲ್ಲ. ಆತೆಯೇ ತೀರ್ಮಾನಿಸಿ ಎಸ್ಪಸೋಲ್ ಕಟ್ಟಿಸಿ ತಂದರು. ಲಗೂನ ಪ್ರಾಂತ್ಯದ ತಿನಿಸು. ಹುರಿದ ಅಂಟಕ್ಕಿ ಹಿಟ್ಟನ್ನು ತೆಂಗಿನ ಹಾಲು, ಸಕ್ಕರೆಯಲ್ಲಿ ಬೇಯಿಸಿ, ಉದ್ದಕ್ಕೆ ಹೊಸೆದು, ಮತ್ತೆ ಅದೇ ಹಿಟ್ಟಿನಲ್ಲಿ ಹೊರಳಿಸಿದ್ದು.

ಅಜ್ಜಿ ಒಂದು ಚೂರು ಬಾಯಿಗಿಟ್ಟು, 'ಅಯ್ಯೋ, ಇದು ನಮ್ ತಂಬಿಟ್ಟಲ್ವೇನವ್ವಾ? ಇದ್ನ ತರಕ್ಕೆ ಸಮುದ್ರ ದಾಟ್ಬೇಕಿತ್ತಾ?' ಎಂದರು. ಎಲ್ಲರೂ ನಕ್ಕೆವು. ಆದರೆ ಪೊಟ್ಟಣವನ್ನು ಅಜ್ಜಿ ಯಾರ ಕೈಗೂ ಕೊಡಲಿಲ್ಲ. ಸಂಜೆ ಬೀದಿಯ ನಾಲ್ಕು ಮನೆಗೆ ತಾವೇ ಹೋಗಿ ಒಂದೊಂದು ತುಂಡು ಕೊಟ್ಟು ಬಂದರು, 'ನಮ್ ಹುಡುಗಿ ತಂದಿದ್ದು' ಎಂದು.

ಹೊರಡುವಾಗ ಅಮ್ಮ ಎಂದಿನಂತೆ ಚಟ್ನಿಪುಡಿ, ಹುರಿಗಾಳು ಕಟ್ಟಿದರು. ಜೊತೆಗೆ ಮೈಸೂರು ಪಾಕಿನ ಒಂದು ಡಬ್ಬಿ, 'ನಿಮ್ಮ ಅತ್ತೆಗೆ' ಎಂದು.

ಲಾಸ್ ಬಾನ್ಯೋಸ್‌ನಲ್ಲಿ ಆತೆ ಡಬ್ಬಿ ತೆರೆದು ಒಂದೇ ಒಂದು ತುಂಡು ತಿಂದರು. ಉಳಿದದ್ದನ್ನು ಮುಚ್ಚಿ ಚೀಲಕ್ಕೆ ಸೇರಿಸಿದರು. ಅವರ ತಾಯಿ ಈಗ ಊರಲ್ಲೇ ಇದ್ದಾರೆ, ಇನ್ನೆಲ್ಲಿಗೂ ಹೋಗುವುದಿಲ್ಲ. ಪಕ್ಕದ ಕಲಂಬಕ್ಕೆ ಹೋಗಿ ಬಂದರೂ ಆತೆ ತಾಯಿಗೆ ಏನಾದರೊಂದು ಒಯ್ಯುತ್ತಾರೆ. ಯಾಕೆಂದು ಕೇಳಿದೆ.

'ಅಷ್ಟು ವರ್ಷ ಅವಳೇ ತಂದಳು. ಮನೆಯಲ್ಲಿ ಕೂತು ಕಾಯುವುದು ಹೇಗಿರುತ್ತದೆ ಅಂತ ಅವಳಿಗೂ ಗೊತ್ತಾಗಲಿ' ಎಂದು ನಗುತ್ತಾ ಚೀಲದ ಜಿಪ್ ಎಳೆದರು.