ಬೆನ್ನ ಹಿಂದಿನ ಜಾಗ

ನಾನು ವಿಜಯಪುರ ಜಿಲ್ಲೆಯವನು ಎಂದು ಹೇಳಿದ್ದೇ ತಪ್ಪಾಯಿತು.

ಬೆಳಗಿನ ಜಾವ ಐದು ಗಂಟೆ. ಚೆನ್ನೈನ ತಿರುವಾನ್ಮಿಯೂರಿನಲ್ಲಿ, ಹೆಲ್ಮೆಟ್ಟು ತೊಟ್ಟ ಹತ್ತು ಹನ್ನೆರಡು ಹುಡುಗರ ನಡುವೆ ಹೊಸ ಅಳಿಯನಂತೆ ಮುದುಡಿ ನಿಂತಿದ್ದೆ. ಅವರ ಮುಂದಾಳು ಊರು ಯಾವುದೆಂದು ಕೇಳಿದ. ಹೇಳಿದೆ. ಅವನ ಮುಖ ಅರಳಿತು. ‘ಬಿಜಾಪುರ್! ಸಾರ್ ಬಿಜಾಪುರ್!’ ಎಂದು ಹಿಂದಿನವರಿಗೆಲ್ಲ ಕೇಳುವಂತೆ ಸಾರಿದ. ಊರಿನ ಹೆಸರು 2014ರಲ್ಲೇ ವಿಜಯಪುರವಾಗಿದ್ದರೂ ಸೈಕಲ್ಲಿನವರ ಬಾಯಲ್ಲಿ ಅದಿನ್ನೂ ಬಿಜಾಪುರವೇ. ನಮ್ಮ ಕಡೆಯ ಕ್ರೀಡಾನಿಲಯದ ಹುಡುಗರು, ಬಾಗಲಕೋಟೆ ಜಮಖಂಡಿಯ ರೈತರ ಮಕ್ಕಳು, ರಾಷ್ಟ್ರಮಟ್ಟದ ರೇಸುಗಳಲ್ಲಿ ಪದಕ ಬಾಚಿಕೊಂಡು ಬರುವುದು ಈ ದೇಶದಲ್ಲಿ ಸೈಕಲ್ ತುಳಿಯುವವರಿಗೆಲ್ಲ ಗೊತ್ತು. ಆ ಮಣ್ಣಿನಿಂದ ಬಂದವನೊಬ್ಬ, ವಯಸ್ಸು ಐವತ್ನಾಲ್ಕಾದರೇನು, ಹೊಟ್ಟೆ ತುಸು ಮುಂದಿದ್ದರೇನು, ಒಳಗೆಲ್ಲೋ ಹುಲಿ ಮಲಗಿರಬೇಕು ಎಂದುಕೊಂಡರು. ಹುಡುಗರು ಗೌರವದಿಂದ ನನ್ನನ್ನು ಸಾಲಿನ ಎರಡನೆಯ ಜಾಗಕ್ಕೆ ತಳ್ಳಿದರು.

ನೀಲಾಂಕರೈ ಬರುವ ಹೊತ್ತಿಗೆ ಹುಲಿ ಏದುಸಿರು ಬಿಡುತ್ತಿತ್ತು. ಹೊರಟು ಐದು ಕಿಲೋಮೀಟರೂ ಆಗಿರಲಿಲ್ಲ. ಗಂಟೆಗೆ ಮೂವತ್ತೈದರ ವೇಗದಲ್ಲಿ ಅವರೆಲ್ಲ ಒಬ್ಬರ ಹಿಂದೊಬ್ಬರು ನನ್ನನ್ನು ದಾಟಿ ಹೋದರು. ಕೊನೆಯವನ ಹಿಂದಿನ ಕೆಂಪು ದೀಪ ಈಸ್ಟ್ ಕೋಸ್ಟ್ ರಸ್ತೆಯ ಕತ್ತಲಲ್ಲಿ ಮಿಣುಕಿ ಮಿಣುಕಿ ಸಣ್ಣದಾಗಿ, ಆಮೇಲೆ ಯಾವುದೋ ಟೀ ಅಂಗಡಿಯ ಬಲ್ಬಿನ ಬೆಳಕಲ್ಲಿ ಕಲಸಿಹೋಯಿತು.

ನನ್ನ ಸೈಕಲ್ ಜೀವನದ ಏಕೈಕ ಬಹುಮಾನದ ಬಗ್ಗೆ ಆ ಹುಡುಗರಿಗೆ ಹೇಳಿರಲಿಲ್ಲ. ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿನಲ್ಲಿ ನಾನು ನಿಧಾನ ಸೈಕಲ್ ಸ್ಪರ್ಧೆ ಗೆದ್ದಿದ್ದೆ. ಕಾಲು ನೆಲಕ್ಕೆ ತಾಗಿಸದೆ ಎಲ್ಲರಿಗಿಂತ ಕಡೆಗೆ ಗೆರೆ ಮುಟ್ಟಿದವನೇ ಅಲ್ಲಿ ಗೆದ್ದವನು. ಕೊಟ್ಟ ಸ್ಟೀಲ್ ಡಬ್ಬಿಯಲ್ಲಿ ಅವ್ವ ಇಂಗು ಇಡುತ್ತಿದ್ದಳು. ಅವಳು ಹೋಗಿ ವರ್ಷಗಳಾದವು, ಡಬ್ಬಿಗೆ ಇಂದಿಗೂ ಇಂಗಿನ ವಾಸನೆ ಹೋಗಿಲ್ಲ.

ಈ ವಯಸ್ಸಿನಲ್ಲಿ ರೇಸಿನ ಹುಚ್ಚು ಹತ್ತಿದ್ದಕ್ಕೆ ಡಾಕ್ಟರೇ ಕಾರಣ. ರಕ್ತದ ಸಕ್ಕರೆ ನೋಡಿ ‘ದಿನಾ ನಡೀರಿ’ ಎಂದಷ್ಟೇ ಅವರು ಹೇಳಿದ್ದು. ನಡೆಯುವವರನ್ನು ಬೆಸಂಟ್ ನಗರದ ಬೀಚಿನಲ್ಲಿ ನೋಡಿದ್ದೆ. ಎಲ್ಲರೂ ತಮ್ಮ ತಮ್ಮ ಸಕ್ಕರೆಯ ಅಂಕಿಗಳನ್ನು ಮೊಮ್ಮಕ್ಕಳ ಮಾರ್ಕ್ಸಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು. ಅವರ ಪಕ್ಕದ ರಸ್ತೆಯಲ್ಲಿ ಒಂದು ಬೆಳಿಗ್ಗೆ ಸೈಕಲ್ಲುಗಳ ಗುಂಪೊಂದು ಸರ್ರೆಂದು ಹಾದುಹೋಯಿತು. ಮಾತಿಲ್ಲ, ಬೆಲ್ಲಿಲ್ಲ, ಚೈನಿನ ಸದ್ದು ಮಾತ್ರ, ಜೋಳದ ತೆನೆಗಳ ಮೇಲೆ ಗಾಳಿ ಆಡಿದ ಹಾಗೆ. ಆವತ್ತೇ ನಾನು ಕೆಟ್ಟೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಇತರರ ಸಾಲದ ಅರ್ಜಿಗಳನ್ನು ಅನುಮಾನದಿಂದ ನೋಡಿದ ನಾನು, ಒಂದು ಲಕ್ಷದ ಸೈಕಲ್ಲಿಗೆ ಒಂದೇ ಏಟಿಗೆ ಮನಸ್ಸು ಕೊಟ್ಟೆ. ಮನೆಗೆ ತಂದಾಗ ಹೆಂಡತಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

‘ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲೂ ಇಲ್ಲ. ಇಷ್ಟೆಲ್ಲಾ ತಗದಮ್ಯಾಲೆ ರೊಕ್ಕಾನೂ ಕಮ್ಮಿ ಆಗಬೇಕಲ್ಲ್ರೀ?’

ಹಗುರಾಗಲಿ ಎಂದೇ ತೆಗೆಯುತ್ತಾರೆ ಎಂದು ವಿವರಿಸಿದೆ. ದೊಡ್ಡ ರೇಸುಗಳಲ್ಲಿ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರಕೂಡದೆಂದು ಅಂತರರಾಷ್ಟ್ರೀಯ ಒಕ್ಕೂಟವೇ ನಿಯಮ ಮಾಡಿದೆ, ಅಷ್ಟು ಹಗುರ ಮಾಡುವ ಹುಚ್ಚು ಜಗತ್ತಿಗಿದೆ ಎಂದೆ. ಅವಳು ನನ್ನ ಹೊಟ್ಟೆಯ ಕಡೆ ನೋಡಿ ಒಳಗೆ ಹೋದಳು. ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

ಸೈಕಲ್ ಆದಮೇಲೆ ಬೂಟು. ಈ ಬೂಟಿನ ಅಡಿಯಲ್ಲಿ ಕ್ಲೀಟ್ ಎಂಬ ತುಣುಕಿದ್ದು ಅದು ಪೆಡಲಿಗೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಮೊದಲ ದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ನಿಂತೆ. ಹಿಮ್ಮಡಿ ತಿರುವಬೇಕೆಂಬುದು ನೆನಪಾಗುವಷ್ಟರಲ್ಲಿ ಗೊನೆ ಭಾರಕ್ಕೆ ವಾಲುವ ಬಾಳೆಗಿಡದಂತೆ ಬಹಳ ನಿಧಾನವಾಗಿ, ಯೋಚಿಸಲು ಬೇಕಾದಷ್ಟು ಸಮಯ ಕೊಟ್ಟು, ಎಡಕ್ಕೆ ಬಿದ್ದೆ. ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಟೋದವನು ಇಳಿದು ಬಂದು ಎತ್ತಿ ನಿಲ್ಲಿಸಿ, ‘ಸೈಕಲ್ ಓಟ್ಟ ತೆರಿಯಾದಾ ಸಾರ್?’ ಎಂದು ಕಳಕಳಿಯಿಂದ ಕೇಳಿದ. ಸೈಕಲ್ ಹೊಡೆಯಲು ಬರುವುದಿಲ್ಲವೇ ಎಂದು. ನಾನು ಬಿಜಾಪುರದವನೆಂದು ಅವನಿಗೆ ಹೇಳಲಿಲ್ಲ.

ಕ್ಲಬ್ ಆರಿಸುವುದು ಹೆಣ್ಣು ನೋಡಲು ಹೋದ ಹಾಗೆ ಎಂದು ತಿಳಿದಿದ್ದೆ. ನೋಡುವವರು ಅವರು, ಉಪ್ಪಿಟ್ಟಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಬರಬೇಕಾದವನು ನಾನು ಎಂಬುದು ಆಮೇಲೆ ತಿಳಿಯಿತು. ಚೆನ್ನೈಯಲ್ಲಿ ಗುಂಪುಗಳಿಗೆ ಕೊರತೆಯಿಲ್ಲ. ಡಬ್ಲ್ಯೂಸಿಸಿಜಿ ಎಂದು ಕರೆಸಿಕೊಳ್ಳುವ ದೊಡ್ಡ ಬಳಗ ಬಡಾವಣೆಗಳಿಗೆಲ್ಲ ಹಬ್ಬಿಕೊಂಡಿದೆ. ಮದ್ರಾಸ್ ರ‍್ಯಾಂಡನರ್ಸ್ ಎಂಬವರು ರೇಸನ್ನೇ ಒಪ್ಪುವವರಲ್ಲ. ಅವರದು ಬ್ರೆವೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು, 600ಕ್ಕೆ ನಲವತ್ತು. ಗಡುವಿನೊಳಗೆ ಮುಗಿಸಿದರೆ ಆಯಿತು, ಮೊದಲಿಗನೂ ಕಡೆಯವನೂ ಒಂದೇ. ಇವರ ಕಾಶಿಯಾತ್ರೆ ಎಂದರೆ ನಾಲ್ಕು ವರ್ಷಕ್ಕೊಮ್ಮೆ ಬರುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್, 1,200 ಕಿಲೋಮೀಟರಿಗೆ 90 ಗಂಟೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಹತ್ತು ನಿಮಿಷ ಮಲಗಿ ಎದ್ದು ಮತ್ತೆ ತುಳಿಯುವ ಈ ಜನರ ಕಥೆ ಕೇಳುವಾಗ ನಮ್ಮೂರಿಗೆ ಬರುತ್ತಿದ್ದ ಸೈಕಲ್ ಸರ್ಕಸ್ಸಿನವನು ನೆನಪಾದ. ಅಗಸಿಯ ಬಯಲಿನಲ್ಲಿ ಏಳು ಹಗಲು ಏಳು ರಾತ್ರಿ ಸೈಕಲ್ ಇಳಿಯದೆ ಸುತ್ತುತ್ತಿದ್ದ. ಅದರ ಮೇಲೆಯೇ ಸ್ನಾನ, ಊಟ. ನಡುರಾತ್ರಿ ಅವನು ಇಳಿದು ನಿದ್ದೆ ಹೋಗುತ್ತಾನೇನೋ ಎಂದು ನಾನು ಕದ್ದು ಹೋಗಿ ನೋಡಿದ್ದೆ. ಖಾಲಿ ಬಯಲಿನಲ್ಲಿ, ಒಂದೇ ಒಂದು ಗ್ಯಾಸ್‌ಲೈಟಿನ ಕೆಳಗೆ, ನೋಡುವವರು ಯಾರೂ ಇಲ್ಲದೆಯೂ ಸುತ್ತುತ್ತಲೇ ಇದ್ದ. ಯಾಕೆ ಎಂದು ಇಂದಿಗೂ ಗೊತ್ತಾಗಿಲ್ಲ.

ಕೊನೆಗೆ ನನ್ನನ್ನು ಒಪ್ಪಿಕೊಂಡದ್ದು ಹೆಸರೇ ಇಲ್ಲದ ಎಂಟು ಜನರ ಗುಂಪು. ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಕಂಪ್ಯೂಟರಿನವರು, ಒಬ್ಬಳು ಕಾಲೇಜು ಹುಡುಗಿ, ಬೆಳಿಗ್ಗೆ ಹಾಲು ಹಾಕಿ ಮುಗಿಸಿ ಬರುವ ಒಬ್ಬ. ಅವರಲ್ಲಿ ವೇಗದವರೂ ಇದ್ದಾರೆ. ಆದರೆ ಮುಟ್ಟುಕಾಡಿನ ಸೇತುವೆಯ ಮೇಲೆ, ಹಿನ್ನೀರು ಸಮುದ್ರ ಸೇರುವ ಕಡೆ, ಮುಂದೆ ಹೋದವರೆಲ್ಲ ನಿಂತು ಕಾಯಬೇಕೆಂಬುದು ಅವರೊಳಗಿನ ಕಟ್ಟಳೆ. ಮೊದಲ ವಾರ ನಾನು ಬರುವ ಹೊತ್ತಿಗೆ ಅವರು ಕಾದು ಕಾದು ಮೀನು ಹಿಡಿಯುವವರ ಸ್ನೇಹ ಸಂಪಾದಿಸಿದ್ದರು.

ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ. ಚೆನ್ನೈಗೆ ವರ್ಷದಲ್ಲಿ ಒಂದಿಷ್ಟು ಚಳಿ ಎಂಬುದು ಸಿಕ್ಕುವುದು ಆಗಲೇ. ನಸುಕಿಗೇ ಗುಡಿಯ ಮೈಕಿನಿಂದ ತಿರುಪ್ಪಾವೈ, ಓಣಿಯುದ್ದಕ್ಕೂ ಒದ್ದೆ ನೆಲದ ಮೇಲೆ ಮನೆಮನೆಯ ಕೋಲ. ರಂಗೋಲಿ ತುಳಿಯದೆ ಮುಖ್ಯರಸ್ತೆ ಸೇರುವುದಕ್ಕೆ ಬೇಕಾದ ಕಸರತ್ತು ನನ್ನ ಹಳೆಯ ನಿಧಾನ ಸ್ಪರ್ಧೆಯದೇ. ಅಜ್ಜಿಯೊಬ್ಬರು ಹಿಟ್ಟಿನ ಕೈಯನ್ನೇ ಎತ್ತಿ, ಕೋಲದ ಮೇಲೆ ಹತ್ತಿಸಿದರೆ ನೋಡು ಎಂದು ದಿನವೂ ಎಚ್ಚರಿಸುತ್ತಾರೆ. ಆ ತಿಂಗಳಲ್ಲಿ ಗಾಳಿ ಈಶಾನ್ಯದಿಂದ. ದಕ್ಷಿಣಕ್ಕೆ ಹೋಗುವಾಗ ಅದು ಬೆನ್ನು ತಟ್ಟಿ ನಮ್ಮನ್ನು ಶೂರರನ್ನಾಗಿ ಮಾಡುತ್ತದೆ, ತಿರುಗಿ ಬರುವಾಗ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಅಂಥ ಒಂದು ಬೆಳಿಗ್ಗೆಯೇ ಹಲ್ಲಿನ ಡಾಕ್ಟರು ನನಗೆ ಈ ವಿದ್ಯೆಯ ಗುಟ್ಟು ಹೇಳಿಕೊಟ್ಟರು. ವೇಗ ಏರಿದಂತೆಲ್ಲ ತುಳಿಯುವವನ ಶಕ್ತಿ ಬಹುಪಾಲು ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಮುಂದಿನವನ ಹಿಂಚಕ್ರಕ್ಕೆ ಒಂದು ಮೊಳ ಬಿಟ್ಟು ಹಿಂದೆಯೇ ಅಂಟಿಕೊಂಡರೆ ಮೂರರಲ್ಲಿ ಒಂದು ಪಾಲಿನಷ್ಟು ಶ್ರಮ ಉಳಿಯುತ್ತದೆ. ಗಾಳಿಯೆಲ್ಲ ಮುಂದಿನವನದು. ಅವನು ಸೋತಾಗ ಪಕ್ಕಕ್ಕೆ ಸರಿದು ಹಿಂದಕ್ಕೆ ಹೋಗುತ್ತಾನೆ, ಇನ್ನೊಬ್ಬ ಮುಂದಾಗುತ್ತಾನೆ. ‘ಬನ್ನಿ, ನನ್ನ ಹಿಂದೆ ಕೂತ್ಕೊಳ್ಳಿ’ ಎಂಬರ್ಥದಲ್ಲಿ ಅವರು ತಮಿಳಿನಲ್ಲಿ ಹೇಳಿ ಮುಂದೆ ಹೋದರು. ನಾನು ಹಿಂದೆ ಸೇರಿದೆ. ಕಿವಿಯಲ್ಲಿ ಭೋರೆನ್ನುತ್ತಿದ್ದ ಗಾಳಿ ಯಾರೋ ಕಿಟಕಿ ಹಾಕಿದ ಹಾಗೆ ನಿಂತುಬಿಟ್ಟಿತು.

ಈ ನಿಶ್ಶಬ್ದ ನನಗೆ ಪರಿಚಯದ್ದು ಅನ್ನಿಸಿತು. ಎಲ್ಲಿಯದೆಂದು ತಿಳಿಯಲು ಕಾನತ್ತೂರಿನವರೆಗೆ ಬೇಕಾಯಿತು.

ಅಪ್ಪನ ಹತ್ತಿರ ಹರ್ಕ್ಯುಲಿಸ್ ಸೈಕಲ್ಲಿತ್ತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಕಾರ್ಖಾನೆಯ ಮಾಲು. ಮದ್ರಾಸ್ ಎಂದರೆ ಸೈಕಲ್ ಹುಟ್ಟುವ ಊರು ಎಂದೇ ನಾನು ಬಹಳ ದಿನ ನಂಬಿದ್ದೆ. ಸೈಕಲ್ಲಿನದೇ ಇಪ್ಪತ್ತು ಕಿಲೋ ಆಸುಪಾಸು ತೂಕ, ಮೇಲೆ ಕ್ಯಾರಿಯರಿನಲ್ಲಿ ನಾನು, ಹ್ಯಾಂಡಲಿಗೆ ಜೋತುಬಿದ್ದ ಚೀಲ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ನನಗೆ ಆಗ ಕಿವಿ ಸೋರುತ್ತಿತ್ತು. ತಿಂಗಳಿಗೊಮ್ಮೆ ಹನ್ನೆರಡು ಮೈಲಿ ದೂರದ ವಿಜಯಪುರದ ದವಾಖಾನೆಗೆ ಹೋಗಬೇಕು. ಗೋಲಗುಮ್ಮಟ ದೂರದಲ್ಲಿ ಕಾಣಿಸುತ್ತಿತ್ತು, ಎಷ್ಟು ತುಳಿದರೂ ಹತ್ತಿರ ಬರುತ್ತಿರಲಿಲ್ಲ. ಆಷಾಢದ ಗಾಳಿ ಪಡುವಣದಿಂದ ಎದುರಿಗೇ ಬೀಸುತ್ತಿತ್ತು. ಅಪ್ಪ ಸೀಟು ಬಿಟ್ಟೆದ್ದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಇಡೀ ಮೈ ಹೇರಿ ತುಳಿಯುತ್ತಿದ್ದರು. ನಾನು ಅವರ ಅಂಗಿಗೆ ಕಿವಿ ಒತ್ತಿ, ಬೆವರು ನಶ್ಯಗಳ ವಾಸನೆಯಲ್ಲಿ ಬೆಚ್ಚಗೆ ಕುಳಿತು, ರಸ್ತೆ ಬದಿಯ ಬೇವಿನ ಗಿಡಗಳು ಹುಚ್ಚೆದ್ದು ಕುಣಿಯುವುದನ್ನು ನೋಡಿ ಕೇಳುತ್ತಿದ್ದೆ:

‘ಅಪ್ಪಾ, ಗಾಳಿ ಭಾಳ ಐತೇನು?’

‘ಗಾಳಿ ಎಲ್ಲೈತಿ? ಸುಮ್ಮ ಕೂಡು.’

ನಿಜವೆಂದೇ ನಂಬಿದ್ದೆ. ನನ್ನ ಕಡೆ ಗಾಳಿ ಇರಲಿಲ್ಲವಲ್ಲ. ಅವರು ತೀರಿಕೊಂಡು ಇಪ್ಪತ್ತೆರಡು ವರ್ಷ. ಆ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟು ಅವನಿಂದ ಪ್ಲಾಸ್ಟಿಕ್ ಬಕೀಟು ತೆಗೆದುಕೊಂಡೆವು.

ಒಂದು ರೇಸಿಗೂ ಇಳಿದೆ, ಅದನ್ನೂ ಹೇಳಿಬಿಡುತ್ತೇನೆ. ಗಡಿಯಾರದ ಎದುರು ಒಬ್ಬೊಬ್ಬರಾಗಿ ತುಳಿಯುವ ಟೈಮ್ ಟ್ರಯಲ್ಲು, ಹೋಗಿ ಬರಲು ನಲವತ್ತು ಕಿಲೋಮೀಟರು. ಅದರಲ್ಲಿ ಯಾರ ಹಿಂದೆಯೂ ಅಡಗುವಂತಿಲ್ಲ. ನಾನು ಮುಗಿಸಿ ಬಂದಾಗ ಕೋನುಗಳನ್ನು ವ್ಯಾನಿಗೆ ತುಂಬುತ್ತಿದ್ದರು. ಕಪ್ಪಿಟ್ಟ ಒಂದು ಬಾಳೆಹಣ್ಣು ಉಳಿದಿತ್ತು, ತಿಂದೆ. 1903ರಲ್ಲಿ ಮೊದಲ ಟೂರ್ ದ ಫ್ರಾನ್ಸ್ ನಡೆದಾಗ ಹೊರಟ 60 ಜನರಲ್ಲಿ ಮುಟ್ಟಿದವರು 21. ಗೆದ್ದ ಮಾರಿಸ್ ಗರಾಂ ಒಂದು ಕಾಲಕ್ಕೆ ಚಿಮಣಿ ಗುಡಿಸುತ್ತಿದ್ದವನು. ಕಡೆಯವನು ಅವನಿಗಿಂತ ಹೆಚ್ಚುಕಡಿಮೆ 65 ಗಂಟೆ ತಡವಾಗಿ ಬಂದ. ಕಡೆಯವನನ್ನು ಆ ದೇಶದಲ್ಲಿ ‘ಕೆಂಪು ಲಾಂದ್ರ’ ಎನ್ನುತ್ತಾರೆ, ರೈಲಿನ ಕಡೇ ಡಬ್ಬಿಗೆ ತೂಗುಹಾಕುವ ದೀಪ. ಇದನ್ನೆಲ್ಲ ಹೆಂಡತಿಗೆ ಹೇಳಿದೆ. ‘ಹಂಗಾರ ಇನ್ನೊಂದು ಸ್ಟೀಲ್ ಡಬ್ಬಿ ಕೊಡಲಿಲ್ಲೇನ್ರೀ?’ ಎಂದಳು.

ಆದರೆ ಗುಂಪಿನಲ್ಲಿ ನನ್ನ ಬೆಲೆ ಈಗ ಏರಿದೆ. ಕಳೆದ ಮಾರ್ಗಳಿಯಲ್ಲಿ, ಮುಟ್ಟುಕಾಡಿನಿಂದ ತಿರುಗಿ ಬರುವಾಗ ಎದುರುಗಾಳಿ ಜೋರಾಗಿತ್ತು, ಎಲ್ಲರೂ ಸೋತಿದ್ದರು. ನಾಚಿಕೆಗೆ ನಾನೇ ಮುಂದಾದೆ. ವೇಗ ಇಪ್ಪತ್ತೆರಡಕ್ಕೆ ಇಳಿಯಿತು. ಬೈಯುತ್ತಾರೆ ಎಂದುಕೊಂಡು ಹಿಂದೆ ನೋಡಿದರೆ ನಾಲ್ವರು ನನ್ನ ಬೆನ್ನ ಹಿಂದೆ ಹರಟೆ ಹೊಡೆಯುತ್ತ ಆರಾಮಾಗಿ ಬರುತ್ತಿದ್ದರು. ‘ಅಣ್ಣಾ, ಉಂಗ ಪಿನ್ನಾಡಿ ಕಾತ್ತೇ ಇಲ್ಲೆ!’ ಎಂದು ಹಾಲಿನವನು ಕೂಗಿದ. ನಿಮ್ಮ ಹಿಂದೆ ಗಾಳಿಯೇ ಇಲ್ಲ ಎಂದು. ಲಾರಿಯ ಹಿಂದೆ ಬಂದ ಹಾಗಿದೆ ಎಂದು ಹಲ್ಲಿನ ಡಾಕ್ಟರು ಸೇರಿಸಿದರು. ಕಾಲೇಜು ಹುಡುಗಿ ಮಾತ್ರ, ಮುಂದೆ ಬಹಳ ಗಾಳಿ ಇದೆಯಾ ಅಂಕಲ್, ನಾನು ಬರಲಾ ಎಂದು ಕೇಳಿದಳು. ಬಾಯಿಗೆ ಬಂದದ್ದು ಕನ್ನಡವೇ, ಅದೂ ನಮ್ಮೂರಿನದು. ಅವಳಿಗೆ ಅರ್ಥವಾಗಲಿಲ್ಲ, ಹಿಂದೆಯೇ ಉಳಿದಳು.

ಸೈಕಲ್ಲಿಗೆ ಒಂದು ಬೆಲ್ ಹಾಕಿಸಿದ್ದೇನೆ, ನೂರು ಗ್ರಾಂ ಇರಬಹುದು. ಭಾನುವಾರ ಬೆಳಿಗ್ಗೆ ಐದಕ್ಕೆ ತಿರುವಾನ್ಮಿಯೂರಿನಿಂದ ಹೊರಡುತ್ತೇವೆ. ನೀವು ಚೆನ್ನೈಗೆ ಬಂದರೆ ಯಾವ ಸೈಕಲ್ಲಾದರೂ ತನ್ನಿ, ನಡೆಯುತ್ತದೆ. ನನ್ನ ಹಿಂದೆ ಇನ್ನೂ ಇಬ್ಬರಿಗೆ ಜಾಗವಿದೆ.