ಅಗ್ರಹಾರದಿಂದ ಮಂಡಿ ಮೊಹಲ್ಲಾಕ್ಕೆ ಒಂದು ದಿನದ ನಡಿಗೆ

ಮೈಸೂರಿಗೆ ನೀವು ಬಂದಿರಬಹುದು. ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ಟೂರಿಸ್ಟ್ ಬಸ್ಸಿನವರು ತೋರಿಸುವುದು ಇಷ್ಟೇ. ಮಕ್ಕಳು ಆನೆ ನೋಡಿದ ಖುಷಿಯಲ್ಲಿ ನಿದ್ದೆ ಹೋಗುತ್ತಾರೆ, ನೀವು ಮೈಸೂರು ಪಾಕಿನ ಡಬ್ಬಿ ಹಿಡಿದು ಊರಿಗೆ ಮರಳುತ್ತೀರಿ. ಮುಂದಿನ ಸಲ ಒಂದು ದಿನ ಹೆಚ್ಚಿಟ್ಟುಕೊಂಡು ಬನ್ನಿ. ನಡೆಯಲು ಹಿತವಾದ ಚಪ್ಪಲಿ ಹಾಕಿಕೊಳ್ಳಿ, ಕೈಯಲ್ಲೊಂದು ಬಟ್ಟೆಯ ಚೀಲವಿರಲಿ. ಅಗ್ರಹಾರದಿಂದ ಹೊರಟು ಮಂಡಿ ಮೊಹಲ್ಲಾ ದಾಟಿ ನಜರ್‌ಬಾದ್‌ವರೆಗೆ ನಡೆಯೋಣ. ಸುತ್ತುಬಳಸಿ ಹೋದರೂ ಐದಾರು ಕಿಲೋಮೀಟರ್ ಅಷ್ಟೇ.

ಅಗ್ರಹಾರವೆಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ರಾಜರು ದಾನವಾಗಿ ಕೊಟ್ಟ ಮನೆಗಳ ಸಾಲು. ಅರಮನೆಯ ದಕ್ಷಿಣಕ್ಕೆ ಇಂತಹ ಕೇರಿಗಳಿದ್ದವು, ಈಗ ಆ ಹೆಸರು ಒಂದು ವೃತ್ತಕ್ಕೂ ಸುತ್ತಲಿನ ಬಡಾವಣೆಗೂ ನಿಂತಿದೆ. ಬೆಳಿಗ್ಗೆ ಏಳು ಗಂಟೆಗೆ ಅಲ್ಲಿರಿ. ನೂರೊಂದು ಗಣಪತಿ ದೇವಸ್ಥಾನದ ಗಂಟೆ ಕೇಳಿಸುತ್ತದೆ, ವಾಣಿವಿಲಾಸ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟು ಬಿಚ್ಚುತ್ತಿರುತ್ತಾರೆ. ಒಳರಸ್ತೆಗಳಲ್ಲಿ ಜಗಲಿ, ಮರದ ಕಂಬ, ಕೆಂಪು ಹೆಂಚಿನ ಹಳೆಯ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಮಿಕ್ಕವು ಅಪಾರ್ಟ್‌ಮೆಂಟ್‌ಗಳಾಗಿವೆ. ಇಡ್ಲಿ, ಕಾಫಿ ಮುಗಿಸಿ ಪುಡಿ-ಹಪ್ಪಳದ ಅಂಗಡಿಗೆ ಹೋಗಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಅರಳು ಸಂಡಿಗೆ... ನಮ್ಮ ಮನೆಯಲ್ಲಿ ದಾಲ್ಚಾದ ಜೊತೆಗೆ ಈ ಸಂಡಿಗೆ ಕರಿಯದೆ ಮಕ್ಕಳು ಊಟಕ್ಕೆ ಕೂರುವುದಿಲ್ಲ!

ಒಂದು ಸ್ವಾರಸ್ಯ ಹೇಳುತ್ತೇನೆ. ಅಗ್ರಹಾರದವರು ವಿಳಾಸ ಬರೆಯುವಾಗ ಕೋಟೆ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ ಎಂದು ಬರೆಯುತ್ತಾರೆ. ಮೊಹಲ್ಲಾ ಎಂಬುದು ಅರಬಿ ಮೂಲದ ಪದ, ಪಯಣಿಗ ಇಳಿದು ತಂಗುವ ಜಾಗವೆಂಬ ಅರ್ಥ ಅದರ ಧಾತುವಿನಲ್ಲಿದೆ. ವೇದ ಓದುವ ಕೇರಿಯ ವಿಳಾಸದಲ್ಲಿ ಈ ಪದ ಎಷ್ಟು ಸಲೀಸಾಗಿ ಕುಳಿತಿದೆ ನೋಡಿ.

ಅಲ್ಲಿಂದ ಅರಮನೆಯ ಕಡೆಗೆ ಬಂದರೆ ಮಹಾರಾಜ ಸಂಸ್ಕೃತ ಪಾಠಶಾಲೆ. ಮದ್ರಸಾದಲ್ಲಿ ಸರ್ಫ್, ನಹ್ವ್ ಎಂದು ಅರಬಿ ವ್ಯಾಕರಣವನ್ನು ಬಾಯಿಪಾಠ ಮಾಡಿದವಳು ನಾನು. ಆ ಕಟ್ಟಡದ ಮುಂದೆ ಹಾದಾಗಲೆಲ್ಲ, ಒಳಗೆ ಸೂತ್ರ ಉರು ಹೊಡೆಯುವ ಹುಡುಗರ ಕಷ್ಟ ನನಗೆ ಚೆನ್ನಾಗಿ ಗೊತ್ತು ಅನಿಸುತ್ತದೆ.

ಪಾಠಶಾಲೆಯಿಂದ ನಂಜನಗೂಡು ರಸ್ತೆಯ ಕಡೆಗೆ ಒಂದು ಕಾಲದಲ್ಲಿ ನೂರು ಎಕರೆಯಷ್ಟು ವೀಳ್ಯದೆಲೆಯ ತೋಟಗಳಿದ್ದವು. ಮೈಸೂರು ಚಿಗುರೆಲೆಗೆ ಹೆಸರು ಬಂದದ್ದು ಅಲ್ಲಿಂದಲೇ. ನುಣುಪಾದ ಎಲೆ. ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆ ಸಿಗುವ ಹೊತ್ತಿಗೆ ತೋಟದ ಬಹುಭಾಗ ಸೈಟುಗಳಾಗಿತ್ತು! ರಸ್ತೆ ಬದಿಯಲ್ಲಿ ಎಲೆ ಮಾರುವ ಅಜ್ಜಿಯೊಬ್ಬರು ನನ್ನ ಬುರ್ಖಾ ನೋಡಿ, "ಮದ್ವೆಗಾ ತಾಯಿ? ಎಷ್ಟು ಕಟ್ಟು ಬೇಕು? ಮಂಡಿ ಮೊಹಲ್ಲದೋರು ಮದ್ವೆಗೆ ನಮ್ಮತ್ರಾನೇ ತಗೊಂಡೋಗ್ತಾರೆ" ಎಂದರು. ಆ ಕಡೆಗೆ ನೀವು ಹೋಗಿದ್ದೀರಾ ಎಂದು ಕೇಳಿದೆ. "ನಾನ್ಯಾಕೆ ಹೋಗ್ಲಿ ತಾಯಿ, ಎಲೆ ಹೋಗುತ್ತಲ್ಲ" ಎಂದು ನಕ್ಕರು.

ಆ ನಗು ನನ್ನನ್ನು ಬಹಳ ಹೊತ್ತು ಕಾಡಿತು. ನಾನು ಪಾಠ ಹೇಳುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಉದಯಗಿರಿ, ರಾಜೀವನಗರದ ಕಡೆಯವರು. ಅಗ್ರಹಾರ ಎಲ್ಲಿದೆ ಎಂದು ಕೇಳಿದರೆ ಪಠ್ಯಪುಸ್ತಕದ ಇತಿಹಾಸದಲ್ಲಿದೆ ಎನ್ನುತ್ತಾರೆ. 2009ರ ಜುಲೈಯಲ್ಲಿ ಈ ನಗರದಲ್ಲಿ ಗಲಭೆಯಾಗಿ ಜೀವಗಳು ಹೋದವು. ಆಮೇಲೆ ಎರಡೂ ಕಡೆಯ ತಾಯಂದಿರು ಮಕ್ಕಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಆದರೆ ಬೆಂಗಳೂರಿನ ಮಾಲ್‌ಗೆ ನೂರೈವತ್ತು ಕಿಲೋಮೀಟರ್ ಕರೆದೊಯ್ಯುವವರು ತಮ್ಮದೇ ಊರಿನ ಮೂರು ಕಿಲೋಮೀಟರ್ ನಡೆಸುವುದಿಲ್ಲವಲ್ಲ!

ದೇವರಾಜ ಮಾರುಕಟ್ಟೆಗೆ ಬರುವಾಗ ಹತ್ತು ಗಂಟೆಯಾಗಿರುತ್ತದೆ. ಸುಮಾರು 800 ಮಳಿಗೆಗಳ ಈ ಮಾರುಕಟ್ಟೆಗೆ ಶತಮಾನ ದಾಟಿದೆ. 2016ರಲ್ಲಿ ಇದರ ಒಂದು ಭಾಗ ಕುಸಿದು ಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನೇ ದುರಸ್ತಿ ಮಾಡಬೇಕೋ ಎಂಬ ಜಗಳ ನ್ಯಾಯಾಲಯದವರೆಗೂ ಹೋಯಿತು. ವ್ಯಾಪಾರಿಗಳ ಚಿಂತೆ ಬೇರೆ: ಹೊರಗೆ ಹಾಕಿದರೆ ಮತ್ತೆ ಅದೇ ಜಾಗ, ಅದೇ ಗಿರಾಕಿ ಸಿಗುತ್ತಾರೆಯೇ? ಒಳಗೆ ಹೋದರೆ ಕುಂಕುಮದ ಗುಡ್ಡೆಯ ಸಮೀಪದಲ್ಲೇ ಅತ್ತರಿನ ಸೀಸೆಗಳು. ಮೊಳದ ಲೆಕ್ಕದಲ್ಲಿ ಮಲ್ಲಿಗೆ. ನಂಜನಗೂಡು ರಸಬಾಳೆ ಸಿಕ್ಕಿದರೆ ಬಿಡಬೇಡಿ, ಅದು ಅಪರೂಪವಾಗಿದೆ. ಈರನಗೆರೆ ಬದನೆಕಾಯಿಯನ್ನು ಕೇಳಿ ತೆಗೆದುಕೊಳ್ಳಿ, ಎಣ್ಣೆಗಾಯಿಗೂ ಬಗಾರಾ ಬೈಂಗನ್‌ಗೂ ಅದಕ್ಕಿಂತ ಮೃದುವಾದದ್ದು ನಾನಂತೂ ಕಂಡಿಲ್ಲ. ಹೊರಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರು ಪಾಕಿನ ಅಂಗಡಿಯಿದೆ. ಅದನ್ನು ಮೊದಲು ಮಾಡಿದರೆನ್ನಲಾಗುವ ಅರಮನೆಯ ಅಡುಗೆಯವರು ಕಾಕಾಸುರ ಮಾದಪ್ಪನವರ ವಂಶಸ್ಥರದು. ನಿಮಗೆ ಗೊತ್ತಿರುವ ವಿಷಯವೇ, ಮುಂದೆ ಹೋಗೋಣ.

ಗಾಂಧಿ ಚೌಕ ದಾಟಿ ಅಶೋಕ ರಸ್ತೆ ಹಿಡಿದರೆ ಮಸ್ಜಿದೆ ಆಝಮ್, ಅದರಾಚೆ ಮಂಡಿ ಮೊಹಲ್ಲಾ. ಮಧ್ಯಾಹ್ನದ ನಮಾಝ್‌ಗೆ ಸ್ತ್ರೀಯರಿಗೆ ಸ್ಥಳ ಎಲ್ಲ ಕಡೆ ಸಿಗದು. ನೆಂಟರ ಅಥವಾ ಪರಿಚಿತರ ಮನೆಯೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಶೌಚಾಲಯದ ಸಮಸ್ಯೆಗೂ ಪರಿಹಾರ ಅದೇ. ಊಟಕ್ಕೆ ಖುಷ್ಕಾ, ದಾಲ್ಚಾ, ಬಿರಿಯಾನಿ, ಕಬಾಬ್ ಯಾವುದಕ್ಕೂ ಕೊರತೆಯಿಲ್ಲ. ಇದೇ ಮೊಹಲ್ಲಾದ ಅಕ್ಬರ್ ರಸ್ತೆಯಲ್ಲಿ ಹನುಮಂತು ಹೋಟೆಲಿನ ಪಲಾವಿಗೂ ಜನ ಸಾಲುಗಟ್ಟುತ್ತಾರೆ. ಅಕ್ಬರ್ ರಸ್ತೆಯಲ್ಲಿ ಹನುಮಂತು!

ಊಟವಾದ ಮೇಲೆ ಗಲ್ಲಿಗಳಲ್ಲಿ ನಿಧಾನವಾಗಿ ನಡೆಯಿರಿ. ಮೈಸೂರು ಅಗರಬತ್ತಿಯ ಹೆಸರು ದೇಶವಿದೇಶಗಳಿಗೆ ಹೋಗಿದೆ. ಅದನ್ನು ಹೊಸೆದವರು ಬಹುಪಾಲು ಮನೆಯಲ್ಲಿ ಕುಳಿತ ಹೆಂಗಸರು, ಅವರಲ್ಲಿ ನಮ್ಮವರು ಬಹಳ. ಬಿದಿರು ಕಡ್ಡಿಗೆ ಕಪ್ಪು ಹಿಟ್ಟನ್ನು ಮಣೆಯ ಮೇಲೆ ಅಂಗೈಯಿಂದ ಉರುಳಿಸುವುದು, ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಅದರಲ್ಲೇ ಮಕ್ಕಳ ಫೀಸು ಕಟ್ಟಿದ ವಿಧವೆಯರಿದ್ದಾರೆ. ಯಂತ್ರಗಳೂ ಹೊರದೇಶದ ಕಚ್ಚಾ ಬತ್ತಿಯೂ ಬಂದ ಮೇಲೆ ಕೈಕೆಲಸ ಕುಗ್ಗಿತು. 2019ರಲ್ಲಿ ಸರಕಾರ ಆಮದಿಗೆ ನಿರ್ಬಂಧ ಹಾಕಿತು, ಆದರೆ ಯಂತ್ರಕ್ಕೆ ನಿರ್ಬಂಧವಿಲ್ಲವಲ್ಲ. ನನಗೆ ಪರಿಚಯದ ಒಬ್ಬ ಖಾಲಾ ಈಗಲೂ ಹೊಸೆಯುತ್ತಾರೆ. ಅಂಗೈಯ ಕಪ್ಪು ತೊಳೆದರೆ ಹೋಗುವುದಿಲ್ಲ. "ನಮ್ಮ ಬತ್ತಿ ಎಲ್ಲಿ ಉರಿಯುತ್ತದೋ ನಮಗೇನು ಗೊತ್ತಮ್ಮಾ" ಎನ್ನುತ್ತಾರೆ. ಬೆಳಿಗ್ಗೆ ಅಗ್ರಹಾರದ ಜಗಲಿಗಳಿಂದ ಬಂದ ಆ ಪರಿಮಳ ನನಗೆ ಆಗ ನೆನಪಾಯಿತು. ಖಾಲಾಗೆ ಹೇಳಿದೆ. "ಹೌದಾ? ಒಮ್ಮೆ ಕರೆದುಕೊಂಡು ಹೋಗು" ಎಂದರು. ಮೈಸೂರಿನಲ್ಲೇ ಹುಟ್ಟಿ ಬೆಳೆದವರು ಅವರು.

ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಇಲ್ಲಿಗೆ ಹತ್ತಿರ. ಕೃಷ್ಣರಾಜ ಒಡೆಯರು 1933ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದಾಗ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್.

ಕೊನೆಗೆ ನಜರ್‌ಬಾದ್. ಟಿಪ್ಪು ಸುಲ್ತಾನರು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಆ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆ ಕಟ್ಟಿಸಲು ತೊಡಗಿದ್ದರು. 1799ರಲ್ಲಿ ಅವರು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅದೇ ಕಲ್ಲುಗಳನ್ನು ಹಿಂದಕ್ಕೆ ಸಾಗಿಸಿ ಮೈಸೂರಿನ ಕೋಟೆಯನ್ನು ಮತ್ತೆ ಕಟ್ಟಿದರು. ಅಂದರೆ, ನೀವು ಇಂದು ನಡೆದ ದಾರಿಯನ್ನು ಆ ಕಲ್ಲುಗಳು ಎರಡು ಬಾರಿ ನಡೆದಿವೆ.

ಇಲ್ಲಿ ಮೈಲಾರಿ ದೋಸೆ ತಿನ್ನಿ. ಗರಿಗರಿ ಇರುವುದಿಲ್ಲ, ಹತ್ತಿಯಂತೆ ಮೆತ್ತಗೆ, ಮೇಲೊಂದು ಬೆಣ್ಣೆಯ ಮುದ್ದೆ. ಎರಡು ಹೇಳಿ, ಒಂದು ಸಾಲದು. ಬಸ್ ನಿಲ್ದಾಣ ಅಲ್ಲಿಂದ ದೂರವಿಲ್ಲ. ಬೆಳಿಗ್ಗೆ ಅಜ್ಜಿಯ ಬಳಿ ತೆಗೆದುಕೊಂಡ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲ್ಗಡೆ ಇಟ್ಟುಕೊಳ್ಳಿ, ಊರು ತಲುಪುವವರೆಗೂ ಬಾಡುವುದಿಲ್ಲ.