ಅಡಿಭಾಗವನ್ನು ಯಾರು ನೋಡುತ್ತಾರೆ?

ಗಂಗಾನಗರದ ನಮ್ಮ ಮನೆಯಲ್ಲಿ ಇಶಾ ನಮಾಝಿನ ಬಳಿಕ 1:87 ಅಳತೆಯ ಗೂಡ್ಸ್ ವ್ಯಾಗನ್ ಮಾದರಿಗೆ ಸೂಕ್ಷ್ಮ ಭಾಗಗಳನ್ನು ಜೋಡಿಸುತ್ತಿದ್ದೆ. ನಿಜದ ಒಂದು ಮೀಟರ್ ಇಲ್ಲಿ ಸುಮಾರು 11.5 ಮಿಲಿಮೀಟರ್. ತೆಳು ಹಿತ್ತಾಳೆ ತಂತಿಯನ್ನು ಬಾಗಿಸಿ, ಬ್ರೇಕ್ ಪೈಪಾಗಿ ಅಡಿಭಾಗಕ್ಕೆ ಅಂಟಿಸುವಾಗ ಮಗ ಕೇಳಿದ: “ಅಬ್ಬಾ, ಹಳಿಯ ಮೇಲಿಟ್ಟರೆ ಇದನ್ನು ಯಾರು ನೋಡುತ್ತಾರೆ?”

“ಯಾರೂ ನೋಡದಿದ್ದರೂ ಕೆಲಸ ಪೂರ್ಣವಾಗಬೇಕು, ಮಗನೇ” ಎಂದೆ.

ಮರುಕ್ಷಣವೇ ನಾಚಿಕೆಯಾಯಿತು. ಈ ಕೆಲಸದ ಆತುರದಲ್ಲಿ ಅಂದಿನ ಇಶಾವನ್ನು ಅವಸರವಾಗಿ ಮುಗಿಸಿದ್ದೆ. ಹಣೆ ನೆಲಕ್ಕೆ ತಾಗಿದೊಡನೆ ಸುಜೂದಿನಿಂದ ಎದ್ದಿದ್ದೆ. ಇಹ್ಸಾನ್ ಎಂದರೇನೆಂದು ಜಿಬ್ರೀಲ್(ಅ) ಕೇಳಿದಾಗ ಪ್ರವಾದಿ(ಸ) ಕಲಿಸಿದ್ದು ಇದನ್ನೇ: ನಾವು ಅಲ್ಲಾಹನನ್ನು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ.

ತಂತಿಯನ್ನು ಕೆಳಗಿಟ್ಟು ವುಝೂ ಮಾಡಿದೆ. ನಮಾಝನ್ನು ಪುನಃ ನಿರ್ವಹಿಸಿದೆ, ಈ ಸಲ ನಿಧಾನವಾಗಿ. ಮಗನೂ ಪಕ್ಕದಲ್ಲಿ ನಿಂತ.